ಒಂದೇ ಉಸಿರಿನ ಜಪ

ಶರಭನಿಗೆ ಉಸಿರು ಬಿಗಿಹಿಡಿಯುವ ಹುಚ್ಚು. ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಬೇರೇನು ಕಲಿತನೋ ಬಿಟ್ಟನೋ, ನೀರೊಳಗೆ ಕೂತು ಜಪ ಮಾಡುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ.

ಬೆಳಗಿನ ಸ್ನಾನಕ್ಕೆ ಮುಳುಗಿದವರು ನೀರಿನಲ್ಲೇ ಮೂರು ಸಲ ಮಂತ್ರ ಹೇಳಿಕೊಂಡು ಏಳಬೇಕು. ಅದು ಆಶ್ರಮದ ಪದ್ಧತಿ. ಶರಭ ಮೂರನ್ನು ಮೂವತ್ತು ಮಾಡಿದ, ಮೂವತ್ತನ್ನು ತೊಂಬತ್ತು ಮಾಡಿದ.

ಅಳಿವೆಯಲ್ಲಿ ಮುಳುಗಿ ಚಿಪ್ಪು ಹೆಕ್ಕುವವರ ಕಿವಿಗೂ ಇದು ಬಿತ್ತು. ‘ನಮಗೂ ಕಲಿಸಿ ಸ್ವಾಮಿ’ ಅಂದರು. ಅವರ ಹೊಟ್ಟೆಪಾಡೇ ನೀರಿನಡಿ ಇತ್ತಲ್ಲ.

ಶರಭ ಗುರು ಹೊನ್ನಜ್ಜನ ಹತ್ತಿರ ಓಡಿಬಂದ.

‘ಅಜ್ಜ, ನಾಳೆಯಿಂದ ಅವರಿಗೆ ನಾನು ಪಾಠ ಹೇಳಲೇ?’

‘ಮೊದಲು ನನ್ನೆದುರು ಮುಳುಗಿ ತೋರಿಸು.’

‘ನೂರೆಂಟು! ಒಂದೇ ಉಸಿರಲ್ಲಿ! ಮುಗಿಸದೆ ಎದ್ದರೆ ನಾನು ನಿಮ್ಮ ಶಿಷ್ಯನೇ ಅಲ್ಲ.’

‘ಅಬ್ಬಬ್ಬಾ!’ ಅಂದ ಅಜ್ಜ.

ಇಬ್ಬರೂ ಸೊಂಟದುದ್ದ ನೀರಿಗಿಳಿದರು. ಶರಭ ಬುಸುಬುಸು ಅಂತ ನಲವತ್ತು ಸಲ ಉಸಿರೆಳೆದು ಬಿಟ್ಟ. ಆಮೇಲೆ ಮುಳುಗಿ ಕೂತ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ನಿಂತ.

ತುಂಬಾ ಹೊತ್ತಾಯಿತು. ಹೆಗಲು ಇದ್ದಕ್ಕಿದ್ದಂತೆ ಸಡಿಲವಾಯಿತು. ಅಜ್ಜ ಜುಟ್ಟು ಹಿಡಿದು ಮೇಲಕ್ಕೆಳೆದ, ದಡಕ್ಕೆ ಹಾಕಿ ಬೆನ್ನಿಗೆ ಗುದ್ದಿದ. ಶರಭ ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟ.

‘ಯಾಕೆ ಎತ್ತಿದಿರಿ ಅಜ್ಜ? ಹತ್ತೇ ಹತ್ತು ಬಾಕಿ ಇತ್ತು!’

‘ಮಾರಾಯ, ನಿನಗೆ ಪ್ರಜ್ಞೆಯೇ ಇರಲಿಲ್ಲ.’

‘ನನಗೆ ಒಂಚೂರೂ ಕಷ್ಟ ಆಗಲಿಲ್ಲವಲ್ಲ!’

‘ನನಗೆ ಭಯ ಆಗಿದ್ದೇ ಅದಕ್ಕೆ’ ಅಂದ ಅಜ್ಜ. ಅವನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ‘ಬುಸುಬುಸು ಅಂದರೆ ಒಳಗೆ ಗಾಳಿಯೇನೂ ಹೆಚ್ಚಾಗಲ್ಲ. ಉಸಿರು ಬೇಕು ಅನ್ನೋ ಒದ್ದಾಟ ಕಮ್ಮಿಯಾಗುತ್ತೆ, ಅಷ್ಟೆ. ಕಾವಲುಗಾರನನ್ನ ಮಲಗಿಸಿ ಒಳಗೆ ಹೋಗಿದ್ದೆ ನೀನು.’

ಶರಭ ಎದ್ದು ಕೂತು ಜುಟ್ಟಿನ ನೀರು ಹಿಂಡಿಕೊಂಡ.

ಅಳಿವೆಯ ಬಾಯಲ್ಲಿ ‘ಫೂಂ’ ಅಂತ ಸದ್ದಾಯಿತು. ಡಾಲ್ಫಿನ್ನೊಂದು ಮೀನಿನ ಹಿಂಡನ್ನು ಅಟ್ಟಿಕೊಂಡು ಬಂದಿತ್ತು. ಮೇಲೆದ್ದು ಉಸಿರಾಡಿ ನೀರಿಗಿಳಿಯಿತು.

‘ಮುಳುಗೋ ಮುಂಚೆ ಎಷ್ಟು ಸಲ ಉಸಿರಾಡಿತು?’ ಅಜ್ಜ ಕೇಳಿದ.

‘ಒಂದೇ ಸಲ. ಬಿಟ್ಟಿತು, ಎಳೆದುಕೊಂಡಿತು, ಮುಚ್ಚಿಕೊಂಡಿತು.’

‘ಆ ಒಂದರಲ್ಲೇ ಹಳೇ ಗಾಳಿ ಬಹುಪಾಲು ಖಾಲಿ ಮಾಡುತ್ತೆ. ನಾವು ಮುಕ್ಕಾಲುಪಾಲು ಒಳಗೇ ಇಟ್ಟುಕೊಂಡು ಓಡಾಡ್ತೀವಿ.’

‘ಅಷ್ಟು ಹೊತ್ತು ಕೆಳಗಿರುತ್ತಲ್ಲ, ಗಾಳಿ ಎಲ್ಲಿಟ್ಟುಕೊಂಡಿರುತ್ತೆ?’

‘ನೀನು ಎದೆಯಲ್ಲಿ ತುಂಬಿಕೊಂಡು ಹೋಗ್ತೀಯ. ಅದು ರಕ್ತದಲ್ಲೂ ಮಾಂಸದಲ್ಲೂ ಇಟ್ಟುಕೊಂಡು ಹೋಗುತ್ತೆ. ಇಳಿದ ಮೇಲೆ ಎದೆಬಡಿತ ನಿಧಾನ ಮಾಡಿಕೊಳ್ಳುತ್ತೆ. ನಿದ್ದೆಯಲ್ಲೂ ಮಿದುಳಿನ ಅರ್ಧ ಎಚ್ಚರ ಇರುತ್ತೆ, ಉಸಿರಾಟ ಮರೀಬಾರದು ಅಂತ. ನೀರಲ್ಲೇ ಹುಟ್ಟಿದ ಪ್ರಾಣಿ ಅದು.’

ಅಷ್ಟರಲ್ಲಿ ಡಾಲ್ಫಿನ್ ಮತ್ತೆ ಮುಳುಗಿ ಹಿಂಡಿನ ಹಿಂದೆ ಬಿತ್ತು. ಮೀನುಗಳು ದಿಕ್ಕೆಟ್ಟು ದಡಕ್ಕೆ ನುಗ್ಗಿದವು. ಇನ್ನೇನು ಬಾಯಿಗೆ ಬಿದ್ದವು ಅನ್ನುವಾಗ ಡಾಲ್ಫಿನ್ ಅವನ್ನು ಬಿಟ್ಟು ಸರ್ರನೆ ಮೇಲೆ ಬಂತು. ಫೂಂ! ಹಿಂಡು ಚದುರಿ ತಪ್ಪಿಸಿಕೊಂಡಿತು.

‘ಛೇ, ಇನ್ನೊಂದು ಚೂರು ತಡೆದಿದ್ದರೆ ಸಿಕ್ಕೇ ಬಿಡ್ತಿತ್ತು!’ ಶರಭ ಕೂಗಿದ. ಕೂಗಿ, ತಾನೇ ನಾಲಿಗೆ ಕಚ್ಚಿಕೊಂಡ.

ಅಜ್ಜ ನಕ್ಕ. ಶರಭ ತಲೆತಗ್ಗಿಸಿ ಕೂತ. ಆಮೇಲೆ ಮೆಲ್ಲಗೆ ಕೇಳಿದ:

‘ಹಾಗಾದರೆ ನಾಳೆ ಅವರಿಗೆ ನಾನು ಕಲಿಸಬಾರದು, ಅಲ್ವೇ ಅಜ್ಜ?’

‘ನೀನೇ ಕಲಿಸು. ಉಸಿರಿಗಾಗಿ ಚಿಪ್ಪು ಬಿಟ್ಟು ಬರಿಗೈಯಲ್ಲಿ ಮೇಲೆ ಬಂದವರನ್ನ ಮೊದಲು ಹೊಗಳು.’