ಹೇಸರಗತ್ತೆಯ ಹೊಟ್ಟೆಕಿಚ್ಚು

ಲಾಯದ ಕುದುರೆ ಚೊಚ್ಚಲ ಮರಿ ಹಾಕಿದ ದಿನ ಪಕ್ಕದಲ್ಲಿದ್ದ ಹೇಸರಗತ್ತೆಯ ಹೊಟ್ಟೆಗೆ ಕಿಚ್ಚು ಬಿತ್ತು. ಅದರ ಜಾತಿಗೆ ಬಸಿರೆಂಬುದೇ ಇಲ್ಲ.

ಮರಿ ಕೆಚ್ಚಲಿಗೆ ಮೂತಿ ತಾಗಿಸಿದರೆ ಸಾಕು, ಹೊಸ ತಾಯಿ ಕಚಗುಳಿ ತಾಳದೆ ಜಾಡಿಸಿ ಒದೆಯುತ್ತಿತ್ತು. ಒದೆ ತಿಂದ ಮರಿ ತಡವರಿಸುತ್ತ ಬಂದು ಹೇಸರಗತ್ತೆಯ ಹೊಟ್ಟೆಯಡಿ ನುಗ್ಗಿ ಚೀಪತೊಡಗಿತು.

"ನೋಡಿದೆಯಾ? ಮರಿ ನನ್ನನ್ನೇ ಆರಿಸಿಕೊಂಡಿತು!" ಎಂದು ಹೇಸರಗತ್ತೆ ಬೀಗಿತು.

"ಅದಕ್ಕೆ ಕೊಡಲು ನಿನ್ನಲ್ಲಿ ಏನಿದೆ, ಅಕ್ಕಾ?" ಎಂದು ಕುದುರೆ ಅತ್ತಿತು.

ಚೀಪಿ ಚೀಪಿ ಸೋತ ಮರಿಯ ಕಾಲುಗಳು ಕುಸಿದವು. ಹೇಸರಗತ್ತೆ ಅದನ್ನು ಮೂತಿಯಿಂದ ಎಬ್ಬಿಸಿ ತಾಯಿಯ ಕಡೆ ತಳ್ಳಿತು. ತಾನು ಹೆಗಲು ಕೊಟ್ಟು ಕುದುರೆಯನ್ನು ಗೋಡೆಗೆ ಒತ್ತಿ ಹಿಡಿದು, "ಅಲುಗಾಡಿದರೆ ಕಚ್ಚಿಬಿಟ್ಟೇನು," ಎಂದಿತು.

ಮರಿಗೆ ಹಾಲು ಸಿಕ್ಕಿತು. ಅದರ ಒಂದೊಂದು ಗುಟುಕಿಗೂ ಹೇಸರಗತ್ತೆಯ ಹೊಟ್ಟೆ ಉರಿಯಿತು. ಆದರೂ ಮರಿಯ ಹೊಟ್ಟೆ ತುಂಬುವವರೆಗೆ ಅದು ಹೆಗಲು ತೆಗೆಯಲಿಲ್ಲ.