ಕೆಂಪಿರುವೆಯ ಬಾಗಿಲು, ಗೊದ್ದದ ಕಾಳು

ಹೊಲದ ಬದುವಿನ ಕೆಂಪಿರುವೆಗಳು ಆಚೆ ಬದುವಿನ ಗೊದ್ದಗಳೆಂಬ ಕಪ್ಪಿರುವೆಗಳು ತಮ್ಮ ಕಣಜಕ್ಕೆ ತಂದಿಡುವ ಕಾಳನ್ನು ಕಡ ಪಡೆದು ಮರಿಗಳನ್ನು ಸಾಕುತ್ತಿದ್ದವು. ಸುಗ್ಗಿಯಲ್ಲಿ ಹೊಸ ಕಾಳು ಸೇರಿಸಿ ತೀರಿಸುತ್ತಿದ್ದವು. ಒಂದು ವರ್ಷ ಗುಡುಗಿಗೆ ಬೆದರಿದ ಗೊದ್ದಗಳೆಲ್ಲ ಒಂದೇ ದಿನ ಕಣಜಕ್ಕೆ ನುಗ್ಗಿ ತಮ್ಮ ಕಾಳಿನಲ್ಲಿ ಕೈಲಾದಷ್ಟು ಹೊತ್ತು ಓಡಿದವು. ಮರಿಗಳು ಹಸಿದು ಕಂಗಾಲಾದವು.

"ಇನ್ನು ಕಾಳು ಒಳಗೆ ಬರಬಹುದು, ಹೊರಗೆ ಹೋಗಕೂಡದು" ಎಂದು ರಾಣಿ ಕಟ್ಟಪ್ಪಣೆ ಮಾಡಿದಳು. ಕಾವಲಿನ ದಪ್ಪತಲೆಯಮ್ಮ ತನ್ನ ತಲೆಯನ್ನೇ ಬಾಗಿಲಿಗೆ ಅಡ್ಡ ಕೊಟ್ಟಳು. ಮುಂದೆ, ಒಳಗೆ ಎರಡು ಸುಗ್ಗಿ ಕಳೆದ ಕಾಳಿಗಷ್ಟೇ ಹೊರಹೋಗುವ ದಾರಿ ಸಿಕ್ಕಿತು. ಆಮೇಲೆ ಗೊದ್ದಗಳು ತಂದಿಟ್ಟದ್ದರಲ್ಲಿ ಅರ್ಧಕ್ಕೆ ದಾರಿ ಬಿಟ್ಟರು. ಆದರೂ ಹೊಸ ಕಾಳು ತರುವವರೇ ಇಲ್ಲ. ಮಳೆಗಾಲ ಹತ್ತಿರ ಬಂತು, ಕಣಜದ ತಳ ಕಂಡಿತು.

"ಬಾಗಿಲು ಪೂರ್ತಿ ಬಿಡು" ಎಂದಳು ರಾಣಿ.

"ತಾಯೀ, ಇದ್ದದ್ದೂ ಹೋದೀತು!"

"ತಡೆದು ನಾವು ಕಂಡದ್ದೇನು? ಬಿಡು."

ದಪ್ಪತಲೆಯಮ್ಮ ಉಸಿರು ಬಿಗಿಹಿಡಿದು ಪಕ್ಕಕ್ಕೆ ಸರಿದಳು. ಮುದಿ ಗೊದ್ದವೊಂದು ಒಳಗೆ ಹೋಗಿ, ಅಲ್ಲೇ ಉಳಿದಿದ್ದ ತನ್ನ ನವಣೆ ಕಾಳು ಹೊತ್ತು ಹೊರಗೆ ಬಂತು. ಬಿಸಿಲಿನಲ್ಲಿ ಇಳಿಸಿ, ಮೂಸಿ, ಅಲ್ಲೇ ನಿಂತಿತು.

"ಯಾಕೆ ಗೊದ್ದಜ್ಜಾ, ಇವತ್ತು ಗುಡುಗಿಲ್ಲವೆಂದು ಓಟ ಮರೆತುಹೋಯಿತೇ?" ಎಂದಳು ದಪ್ಪತಲೆಯಮ್ಮ.

"ಓಡಿ ಎಲ್ಲಿಡಲಿ ಮಗಳೇ? ನಮ್ಮ ಗೂಡಿನಲ್ಲಿ ಕಾಳು ಮೊಳೆತುಬಿಡುತ್ತದೆ. ನೀವು ಮೊಳಕೆಯ ಮೂತಿ ಕಡಿದು ಜೋಪಾನ ಮಾಡುತ್ತೀರಿ. ಕೇಳಿದಾಗ ಕೈಗೆ ಬರುತ್ತದೋ ಇಲ್ಲವೋ ನೋಡಬೇಕಿತ್ತು, ಬಂತು."

ಗೊದ್ದಜ್ಜ ಕಾಳನ್ನು ಮತ್ತೆ ಹೊತ್ತು ಒಳಗೆ ನಡೆಯುತ್ತ, "ಬನ್ರೋ, ಭಯವಿಲ್ಲ!" ಎಂದು ಕೂಗಿತು.

ಆಚೆ ಬದುವಿನಿಂದ ಕಪ್ಪು ಸಾಲು ಹೊರಟಿತು. ಪ್ರತಿ ಬಾಯಲ್ಲೂ ಕಾಳು. ದಪ್ಪತಲೆಯಮ್ಮ ನೀಳವಾಗಿ ಉಸಿರು ಬಿಟ್ಟು, "ನೂಕಾಡಬೇಡಿ, ಒಬ್ಬೊಬ್ಬರೇ ಬನ್ನಿ" ಎಂದು ಗದರಿದಳು.