ನೋಡದೆ ಕಟ್ಟಿದ ಬಿಲ್ಲೆ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಇವತ್ತು ಹೇಳೋದು ನಗೋ ಕಥೆಯಲ್ಲ. ಆದರೂ ಕೇಳಬೇಕಾದ ಕಥೆ.

ಹೆಬ್ಬಂಡೆ ಅಂತ ಒಂದು ರಾಜ್ಯ. ಅದನ್ನು ಆಳುತ್ತಿದ್ದವನು ಬಂಕರಸ ಅನ್ನೋ ದೊರೆ. ಅಲ್ಲಿ ಹೊಲ ಕಡಿಮೆ, ಬಂಡೆ ಜಾಸ್ತಿ. ಎಂಥಾ ಬಂಡೆ ಅಂತೀರಿ? ಮೇಲೆ ನಿಂತು ಕಲ್ಲು ಎಸೆದರೆ ಕೆಳಗೆ ಬಿದ್ದ ಸದ್ದೇ ಕೇಳದಂಥ ಬಂಡೆ. ಅದರ ಮೈಗೆ ಹೆಜ್ಜೇನು ಕಟ್ಟುತ್ತಿತ್ತು. ಜನ ಸೊಂಟಕ್ಕೆ ಹಗ್ಗ ಬಿಗಿದು ಇಳಿದು ಜೇನು ಕೀಳುತ್ತಿದ್ದರು. ಆ ಜೇನು, ಆ ಮೇಣ, ಅದೇ ಅವರ ಅನ್ನ.

ಜೀವ ಹಗ್ಗದ ಮೇಲೆ ನಿಂತಿತ್ತು. ಹಾಗಾಗಿ ಹಗ್ಗ ಹೊಸೆಯುವವರಿಗೆ ದೊಡ್ಡ ಕಟ್ಟುಪಾಡು. ಮೊದಲು ಒಬ್ಬ ಗುರುವಿನ ಹತ್ತಿರ ಸೇರಬೇಕು. ಪುಂಡಿ ನಾರು ನೆನೆಹಾಕಬೇಕು, ಬಡಿಯಬೇಕು, ಒಣಗಿಸಬೇಕು. ಕೊಳೆತ ಎಳೆ ಯಾವುದು, ಗಟ್ಟಿ ಎಳೆ ಯಾವುದು ಅಂತ ಬೆರಳಿಗೇ ಗೊತ್ತಾಗುವ ತನಕ ಅದೇ ಕೆಲಸ. ಆಮೇಲೆ ಹೊಸೆಯೋದು. ಗುರು ಒಂದು ತುದಿ ಹಿಡಿದರೆ ಶಿಷ್ಯ ಇನ್ನೊಂದು ತುದಿ. ಸರಿ ಬರಲಿಲ್ಲವೋ, ಬಿಚ್ಚಿ ಮತ್ತೆ ಹೊಸೆ. ಕಡೆಗೆ ಗಂಟು ಹಾಕೋದು, ಹಗ್ಗಕ್ಕೆ ಹಗ್ಗ ಸೇರಿಸೋದು.

ಇಷ್ಟೂ ಕಲಿತಾಯಿತು ಅಂತ ಗುರು ಒಪ್ಪಿದ ಮೇಲೆ ಪರೀಕ್ಷೆ. ತಾನು ಹೊಸೆದ ಹಗ್ಗದಲ್ಲಿ ಶಿಷ್ಯನೇ ಬಂಡೆಯ ಮೈಯಿಂದ ಹೊರಚಾಚಿದ ಒಂದು ಚಾಚುಗಲ್ಲಿನ ತನಕ ಇಳಿಯಬೇಕು. ಅದೇ ಹಗ್ಗದಲ್ಲಿ ಅರಮನೆಯ ಪರೀಕ್ಷೆಗಾರನೂ ಇಳಿಯಬೇಕು. ಇಬ್ಬರೂ ಜೀವಂತವಾಗಿ ಮೇಲೆ ಬಂದರೆ ಪರೀಕ್ಷೆಗಾರ ಶಿಷ್ಯನ ಕೊರಳಿಗೆ ತಾಮ್ರದ ಬಿಲ್ಲೆ ಕಟ್ಟುತ್ತಿದ್ದ. ಬಿಲ್ಲೆ ಇಲ್ಲದವನು ಎಮ್ಮೆ ಕಟ್ಟೋ ಹಗ್ಗ ಮಾರಬಹುದು, ಬಾವಿ ಹಗ್ಗ ಮಾರಬಹುದು, ಬಂಡೆ ಹಗ್ಗ ಮಾರುವ ಹಾಗಿಲ್ಲ. ಯಾಕಂದರೆ ಒಳಗೆ ಕೊಳೆತ ನಾರಿದ್ದರೂ ಹಗ್ಗ ಮೇಲೆ ಚೆಂದವೇ ಕಾಣುತ್ತೆ. ಜೇನು ಕೀಳುವವನು ಹಗ್ಗ ಬಿಚ್ಚಿ ನೋಡೋಕಾಗುತ್ತಾ? ಅವನು ಬಿಲ್ಲೆ ನೋಡುತ್ತಿದ್ದ, ನಂಬುತ್ತಿದ್ದ, ಇಳಿಯುತ್ತಿದ್ದ.

ಹಳೇ ಪರೀಕ್ಷೆಗಾರ ಮುದುಕನಾಗಿ ತೀರಿಕೊಂಡ. ರಾಣಿಯ ತಮ್ಮ ಹೊನ್ನರಸ ಆ ಜಾಗಕ್ಕೆ ಬಂದ. ಮೈತುಂಬ ಶಲ್ಯ, ಬಾಯ್ತುಂಬ ಮಾತು. ಆದರೆ ಬಂಡೆಯ ಅಂಚಿಗೆ ಹೋಗಲೂ ಅವನಿಗೆ ಭಯ.

ಒಬ್ಬ ಬಂದ. ನಾರು ಬಡಿದು ಕೈ ನೋಯುತ್ತೆ ಅಂತ ಗುರುವನ್ನು ಬಿಟ್ಟು ಓಡಿ ಬಂದವನು. ಒಂದು ಕೊಡ ತುಪ್ಪ ಇಟ್ಟ. ಹೊನ್ನರಸ ಬಿಲ್ಲೆ ಕಟ್ಟಿದ.

ಇನ್ನೊಬ್ಬ ಬಂದ. ಅವನಿಗೆ ಗಂಟು ಹಾಕೋಕೂ ಬರದು. ರೇಷ್ಮೆ ಪಂಚೆ ತಂದ. ಹೊನ್ನರಸ ಬಿಲ್ಲೆ ಕಟ್ಟಿದ.

ಮತ್ತೊಬ್ಬ ಬಂದ. ಅವನು ಗುರುವಿನ ಮನೆ ಮೆಟ್ಟಿಲನ್ನೇ ತುಳಿದವನಲ್ಲ. ಹಾಲು ಕೊಡೋ ಹಸು ಹೊಡಕೊಂಡು ಬಂದ. ಹೊನ್ನರಸ ನಗುನಗುತ್ತಾ ಬಿಲ್ಲೆ ಕಟ್ಟಿದ.

ಮೊದಲನೆಯವನ ಹಗ್ಗ ಕೊಂಡವನು ಜವರ. ಹೆಂಡತಿ ಬೊಮ್ಮಿ ಬುತ್ತಿ ಕಟ್ಟಿಕೊಟ್ಟಳು. ಸಂಜೆಗೆ ಜನ ಬಂದು ಅಂಗಳದಲ್ಲಿ ಸುಮ್ಮನೆ ನಿಂತರು. ಅವರು ಬಾಯಿ ಬಿಡುವ ಮೊದಲೇ ಬೊಮ್ಮಿಗೆ ಅರ್ಥವಾಯಿತು. ಹೆಣವೂ ಸಿಗಲಿಲ್ಲ. ತುಂಡಾದ ಹಗ್ಗದ ಮೇಲಿನ ತುದಿ ಮಾತ್ರ ಸಿಕ್ಕಿತು. ಅವಳು ಅದನ್ನು ಬಿಚ್ಚಿದಳು. ಒಳಗೆ ನಾರು ಕಪ್ಪಗೆ, ಹಿಟ್ಟಿನ ಹಾಗೆ ಉದುರಿತು.

ಬೊಮ್ಮಿ ಅತ್ತಳು. ಅತ್ತು ಮುಗಿದ ಮೇಲೆ ಹಗ್ಗದ ಹಳೇ ಗುರು ಈರಜ್ಜನ ಮನೆಗೆ ಹೋದಳು. "ಅಜ್ಜಾ, ನನಗೆ ಕಲಿಸು," ಅಂದಳು.

"ಕಷ್ಟ ಐತೆ ಮಗಾ."

"ಇದಕ್ಕಿಂತ ಕಷ್ಟಾನ?"

ಅಜ್ಜ ಒಂದು ಹೊರೆ ನಾರು ಅವಳ ಮುಂದೆ ಹಾಕಿದ. ಅವಳು ನೆನೆಹಾಕಿದಳು, ಬಡಿದಳು, ಹೊಸೆದಳು. ಅಂಗೈ ಸೀಳಿತು, ಜಡ್ಡುಗಟ್ಟಿತು. ವರ್ಷಗಳು ಹೋದವು. ಒಂದು ದಿನ ಅಜ್ಜ ಅವಳ ಹಗ್ಗವನ್ನು ಉದ್ದಕ್ಕೂ ಸವರಿ ನೋಡಿ, "ಪರೀಕ್ಷೆಗೆ ಹೋಗು," ಅಂದ.

ಹೋದಳು. ಹೊನ್ನರಸ ಹೇಳಿದ, "ಇವತ್ತು ಗಾಳಿ ಜೋರು. ಇನ್ನೊಂದು ದಿನ ಬಾ." ಆ ವಾರವೇ ಎರಡನೆಯವನ ಹಗ್ಗದ ಗಂಟು ಬಿಚ್ಚಿಕೊಂಡು ಒಬ್ಬ ಸತ್ತ.

ಮತ್ತೆ ಹೋದಳು. "ನನಗೆ ಮಂಡಿ ನೋವು. ಇನ್ನೊಂದು ದಿನ ಬಾ." ಮೂರನೆಯವನ ಹಗ್ಗ ಹರಿದು ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಹೋದರು. ಅವರ ತಾಯಿಗೆ ಬೇರೆ ಮಕ್ಕಳಿರಲಿಲ್ಲ.

ಮತ್ತೂ ಹೋದಳು. ಹೊನ್ನರಸನಿಗೆ ರೇಗಿತು. "ನಿನಗೆ ಲೋಕವೇ ತಿಳಿಯದಲ್ಲೇ! ತುಪ್ಪ ತಗೊಂಡು ಬಾ, ಬಿಲ್ಲೆ ತಗೊಂಡು ಹೋಗು. ಇಳಿಯೋದೂ ಬೇಡ, ಏರೋದೂ ಬೇಡ."

"ನನಗೆ ಬಿಲ್ಲೆ ಬೇಡ ಸ್ವಾಮಿ. ಪರೀಕ್ಷೆ ಬೇಕು," ಅಂದಳು ಬೊಮ್ಮಿ.

ಅವನು ಬಾಗಿಲು ಹಾಕಿಕೊಂಡ.

ಮಾರನೆ ದಿನ ಬೊಮ್ಮಿ ತನ್ನ ಹಗ್ಗ ಹೊತ್ತು ಬಂಡೆಗೆ ಹೋದಳು. ಮರಕ್ಕೆ ಬಿಗಿದಳು. ಒಬ್ಬಳೇ ಇಳಿದಳು. ಪರೀಕ್ಷೆಯ ಹಗ್ಗ ಮುಟ್ಟಬೇಕಾದ ಚಾಚುಗಲ್ಲಿನ ತನಕ ಇಳಿದಳು. ಅಲ್ಲಿ ಬಹಳ ಹೊತ್ತು ನಿಂತಳು. ಮೇಲೆ ಬಂದವಳು ಮನೆಗೆ ಹೋಗಲಿಲ್ಲ, ನೇರ ಅರಮನೆ ದಾರಿ ಹಿಡಿದಳು.

ಸಭೆಯಲ್ಲಿ ದೊರೆ ಇದ್ದ, ಹೊನ್ನರಸ ಇದ್ದ, ಈರಜ್ಜ ಮತ್ತು ಹಗ್ಗ ಹೊಸೆಯುವ ಹಳಬರು ಇದ್ದರು. ಬೊಮ್ಮಿ ದೂರು ಹೇಳಿದಳು. ದೊರೆ ಬಾಮೈದನ ಕಡೆ ತಿರುಗಿದ.

"ಸುಳ್ಳು!" ಅಂದ ಹೊನ್ನರಸ. "ಪ್ರತಿ ಹಗ್ಗದಲ್ಲೂ ನಾನೇ ಇಳಿದಿದ್ದೇನೆ. ಆ ಚಾಚುಗಲ್ಲನ್ನು ತುಳಿದು ಬಂದ ಮೇಲೆಯೇ ಬಿಲ್ಲೆ ಕಟ್ಟಿದ್ದೇನೆ. ಬಿದ್ದವರು ತಮ್ಮ ಹಣೆಬರಹಕ್ಕೆ ಬಿದ್ದರು."

ಬೊಮ್ಮಿ ಜಗಳ ಆಡಲಿಲ್ಲ. ತಲೆ ಬಗ್ಗಿಸಿ ಕೈ ಮುಗಿದಳು. "ಹಾಗಾದರೆ ನನ್ನದೇ ತಪ್ಪು ಬುದ್ಧಿ. ಒಂದು ಮಾತು ಕೇಳಲಾ? ಆ ಚಾಚುಗಲ್ಲಿನ ಮೇಲೆ ಜೇನವ್ವನ ಗುಡಿ ಇದೆಯಲ್ಲ, ಅಲ್ಲಿ ದೀಪ ಆರಿಹೋಗಿದೆ ಅಂತ ಜನ ಅಂತಾರೆ. ಅದಕ್ಕೇ ಅವ್ವ ಮುನಿದು ಜೀವ ತಗೋತಿದ್ದಾಳಂತೆ. ನಿಜವಾ?"

ಹೊನ್ನರಸನ ಮುಖ ಅರಳಿತು. "ಯಾವನು ಹಾಗೆ ಅಂದವನು? ಹೋದಾಗಲೆಲ್ಲ ಆ ಗುಡಿಯ ದೀಪಕ್ಕೆ ನಾನೇ ಎಣ್ಣೆ ಹಾಕುತ್ತೇನೆ."

"ಅವ್ವನ ಮುಖ ಯಾವ ಕಡೆಗೆ ಸ್ವಾಮಿ?"

"ಮೂಡಲಿಗೆ. ಬೆಳ್ಳಿ ಕಣ್ಣು ಮಾಡಿಸಿ ಇಟ್ಟವನೂ ನಾನೇ!"

ಹಗ್ಗದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೊಮ್ಮಿ ಈಗ ತಲೆ ಎತ್ತಿದಳು. "ದೊರೆಯೇ, ಅಲ್ಲಿ ಗುಡಿಯೂ ಇಲ್ಲ, ಅವ್ವನೂ ಇಲ್ಲ. ಒಬ್ಬರು ನಿಲ್ಲುವಷ್ಟು ಬರೀ ಕಲ್ಲು. ಅದರ ಪಕ್ಕ ಒಂದು ಮುಳ್ಳುಪೊದೆ. ಆ ಪೊದೆಯಲ್ಲಿ ನನ್ನ ಗಂಡನ ರುಮಾಲು ಸಿಕ್ಕಿಕೊಂಡಿದೆ. ಅವನ ಆಮೇಲೆ ಬಿದ್ದವರ ರುಮಾಲುಗಳೂ ಅಲ್ಲೇ ಇವೆ. ಇಷ್ಟು ಸಲ ಇಳಿದವರಿಗೆ ಇಲ್ಲದ ಗುಡಿ ಕಂಡಿದೆ, ಇರೋ ರುಮಾಲು ಕಂಡಿಲ್ಲ."

ದೊರೆ ಒಬ್ಬ ಭಟನನ್ನು ಕಳಿಸಿದ. ಭಟ ಬೊಮ್ಮಿಯ ಹಗ್ಗದಲ್ಲೇ ಇಳಿದ, ಬಿಸಿಲಿಗೆ ಬಣ್ಣ ಕಳೆದುಕೊಂಡ ರುಮಾಲುಗಳನ್ನು ತಂದು ಸಭೆಯ ನಡುವೆ ಇಟ್ಟ.

ದೊರೆ ಹಗ್ಗದವರನ್ನು ಕೇಳಿದ, "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದ ಈರಜ್ಜ. "ರಾಣಿಯ ತಮ್ಮ ಅಂತ ಹೆದರಿದೆವು." ಅಷ್ಟು ಹೇಳಿ ಮುದುಕ ಮುಖ ಮುಚ್ಚಿಕೊಂಡ.

"ಅವನನ್ನು ಆ ಜಾಗದಲ್ಲಿ ಕೂರಿಸಿದವನು ನಾನು," ಅಂದ ದೊರೆ. ದನಿ ಸಣ್ಣಗಾಗಿತ್ತು.

ಹೊನ್ನರಸ ಕಟ್ಟಿದ ಬಿಲ್ಲೆಗಳನ್ನೆಲ್ಲ ಕಿತ್ತು ಕುಲುಮೆಗೆ ಹಾಕಿದರು. ಬಿಲ್ಲೆ ಕಳೆದುಕೊಂಡವರು ಮೊದಲಿಂದ ಕಲಿಯಬೇಕು, ಇಲ್ಲ ಆ ಕೆಲಸವನ್ನೇ ಬಿಡಬೇಕು ಅಂತ ಅಪ್ಪಣೆಯಾಯಿತು. ಆ ವರ್ಷ ಒಳ್ಳೆ ಹಗ್ಗ ಸಾಲದೆ ಜೇನು ಬಂಡೆಯಲ್ಲೇ ಉಳಿಯಿತು. ಊರು ಅರೆಹೊಟ್ಟೆ ಉಂಡಿತು. ಆದರೆ ಯಾರೂ ಬೀಳಲಿಲ್ಲ.

ಪರೀಕ್ಷೆಗಾರನ ಬದಲಿಗೆ ಈರಜ್ಜ ಆ ವಯಸ್ಸಿನಲ್ಲೂ ಬೊಮ್ಮಿಯ ಹಗ್ಗ ಹಿಡಿದು ಚಾಚುಗಲ್ಲಿನ ತನಕ ಇಳಿದು ಬಂದ. ತಾನೇ ಅವಳ ಕೊರಳಿಗೆ ಬಿಲ್ಲೆ ಕಟ್ಟಿದ.

ಹೊನ್ನರಸನಿಗೆ ದೊರೆ ಕೊಟ್ಟ ಶಿಕ್ಷೆ ಇದು: ಬದುಕಿರುವ ತನಕ ನಾರು ನೆನೆಹಾಕುವ ಕೊಳದಲ್ಲಿ ನಿಂತು ನಾರು ಬಡಿಯಬೇಕು. ಅದಕ್ಕೂ ಮೊದಲು ಸತ್ತವರ ಮನೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಮಾಡಿದ್ದನ್ನು ತನ್ನ ಬಾಯಲ್ಲೇ ಹೇಳಬೇಕು.

ಅಣ್ಣತಮ್ಮಂದಿರ ತಾಯಿ ಬಾಗಿಲೇ ತೆಗೆಯಲಿಲ್ಲ. ಅವನು ಮುಚ್ಚಿದ ಬಾಗಿಲಿಗೆ ಹೇಳಿ ಬಂದ. ಕಡೆಗೆ ಬೊಮ್ಮಿಯ ಮನೆಗೆ ಬಂದ.

"ನಾನು ಹಗ್ಗ ನೋಡದೆ ಬಿಲ್ಲೆ ಕಟ್ಟಿದೆ. ಅದರಿಂದ ನಿನ್ನ ಗಂಡ ಸತ್ತ," ಅಂದ. ಆಮೇಲೆ ಅವಳ ಕಾಲಿಗೆ ಬಿದ್ದ. "ಕ್ಷಮಿಸು ತಾಯಿ."

ಬೊಮ್ಮಿ ಕಾಲು ಹಿಂದಕ್ಕೆ ತೆಗೆದಳು. "ಕ್ಷಮಿಸಬೇಕಾದವನು ಬಂಡೆ ಕೆಳಗಿದ್ದಾನೆ. ಅವನ ಮಾತು ನಾನು ಹೇಗೆ ಹೇಳಲಿ?" ಅಂದು ಒಳಗೆ ಹೋದಳು.

ಮಕ್ಕಳೇ, ಇಷ್ಟು ತಿಳಕೊಳ್ಳಿ. ಯಾವ ಕೆಲಸವನ್ನೇ ಆಗಲಿ ಪೂರ್ತಿ ಕಲಿಯದೆ ಕಲಿತೆ ಅನ್ನಬೇಡಿ. ಕಲಿಯದವನನ್ನು ಕಲಿತವನು ಅಂತ ನೀವು ಒಪ್ಪಲೂ ಬೇಡಿ. ನೀವು ಕಟ್ಟಿದ ಬಿಲ್ಲೆಯನ್ನು ನಂಬಿ ಯಾರೋ ಒಬ್ಬ ತನ್ನ ಜೀವವನ್ನೇ ಇಳಿಬಿಡುತ್ತಾನೆ. ಅವನು ಬಿದ್ದರೆ, ತಳ್ಳಿದ ಕೈ ನಿಮ್ಮದೇ.